ಅರಮನೆಯವರ ನಮಸ್ಕಾರ

ರಿಯಾದಿನ ಒಂದು ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಉಡುಪಿಯವಳು, ಮಾತು ಕೆದಕುವ ಚಟದವಳು. ರೋಗಿ ನೋವು ಮರೆಯಲಿ ಎಂದು ಕೇಳುತ್ತೇನೆ ಅಂತ ಹೇಳಿಕೊಳ್ಳುತ್ತೇನೆ. ನಿಜಕ್ಕೂ ನನಗೇ ತಡೆಯಲಾಗುವುದಿಲ್ಲ.

ಸ್ಪೇನಿನ ಆ ಹಿರಿಯ ಹೆಂಗಸು ಇಲ್ಲಿ ಇಂಜಿನಿಯರ್ ಆಗಿರುವ ಮಗಳ ಮನೆಗೆ ಬಂದು, ಬಿದ್ದು, ಸೊಂಟದ ಕೀಲು ಬದಲಿಸಿಕೊಂಡಿದ್ದರು. ಬಿರುದು ಬಾವಲಿಗಳ ದೊಡ್ಡ ವಂಶ. ಆದರೆ ಜೀವಮಾನವಿಡೀ ನಾಟಕ, ಸಿನಿಮಾ ಮಾಡಿದವರು. ಅದೂ ಹೆಚ್ಚಾಗಿ ಅಡುಗೆಯವಳ ಪಾತ್ರ.

"ಎಂತ ಮಾರಾಯ್ತಿ, ಅರಮನೆಯವರಿಗೆ ಇದೆಲ್ಲ ಯಾಕಂತೆ?" ಎಂದಳು ಮಂಗಳೂರಿನ ನರ್ಸ್.

"ನಿಲ್ಲು, ಕೇಳಿ ಹೇಳ್ತೇನೆ."

ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: "ನಾನು ಯಾವಾಗ ಬಾಗಬಹುದು?"

ತುಂಬ ಬಾಗಿದರೆ ಕೀಲು ಜಾರೀತು ಎಂದೆ. ಅವರ ಮುಖ ಸಣ್ಣಗಾಯಿತು. ಊರಿಗೆ ಹೋಗಿ ಕೊನೆಯ ನಾಟಕ ಆಡುವುದಿತ್ತು. ಆಟ ಮುಗಿದ ಮೇಲೆ ಸೊಂಟ ಬಗ್ಗಿಸಿ ಪ್ರೇಕ್ಷಕರಿಗೆ ನಮಸ್ಕರಿಸುವುದು ಅಲ್ಲಿನ ಪದ್ಧತಿ. ನನಗೆ ಸೋಜಿಗ. ನಮ್ಮ ಯಕ್ಷಗಾನದಲ್ಲಿ ಮಂಗಳ ಹಾಡಿದರೆ ಮುಗಿಯಿತು, ವೇಷದವರು ಬಣ್ಣ ತೆಗೆಯಲು ಹೋಗುತ್ತಾರೆ. ಬಾಗದಿದ್ದರೆ ಏನೀಗ?

"ಊರವರು ನಮಗೆ ಬಾಗಬೇಕು, ನಾವು ಯಾರಿಗೂ ಬಾಗಬಾರದು. ನಮ್ಮ ಮನೆಯ ಪಾಠ ಅದು," ಎಂದರು. ಟಿಕೆಟ್ ಕೊಂಡವರಿಗೆ ಬಾಗಿದಳೆಂದು ಈ ತಂಗಿಯ ಮುಖವನ್ನು ಇವರ ಅಣ್ಣ ಅಂದಿನಿಂದ ನೋಡಿಲ್ಲ. ಸಿನಿಮಾದಲ್ಲಿ ಹೆಸರು ಬಂದರೂ ಇವರು ಮತ್ತೆ ಮತ್ತೆ ರಂಗಕ್ಕೆ ಮರಳಿದ್ದು ಆ ನಮಸ್ಕಾರಕ್ಕಾಗಿಯೇ. ಕ್ಯಾಮೆರಾಕ್ಕೆ ಯಾರು ಬಾಗುತ್ತಾರೆ? ಈಗ ಅಣ್ಣ ಮೊದಲ ಸಲ ನಾಟಕಕ್ಕೆ ಬರುತ್ತೇನೆಂದಿದ್ದಾರೆ. ತಾನು ನೆಟ್ಟಗೆ ನಿಂತುಬಿಟ್ಟರೆ, ಕೊನೆಗೂ ಇವಳು ಮನೆಯ ಪಾಠಕ್ಕೇ ಮರಳಿದಳು, ಹುಟ್ಟುಗುಣ ಸುಟ್ಟರೂ ಹೋಗಲಿಲ್ಲ ಎಂದು ಅಣ್ಣ ಅಂದುಕೊಂಡಾರು ಎಂಬ ಭಯ ಇವರಿಗೆ.

ನನಗೂ ಹಟ ಬಂತು. ಡಾಕ್ಟರರನ್ನು ಒಪ್ಪಿಸಿ, ಆಪರೇಷನ್ ಆದ ಕಾಲನ್ನು ಹಿಂದಕ್ಕೆ ಜಾರಿಸಿ ಕುರ್ಚಿ ಹಿಡಿದು ತುಸುವೇ ಬಗ್ಗುವುದನ್ನು ಕಲಿಸಿದೆ. "ಇದಕ್ಕಿಂತ ಕೆಳಗೆ ಬೇಡ" ಎಂದು ದಿನಾ ಗದರಿದೆ.

ಅವರು ಊರಿಗೆ ಹೋದ ಕೆಲವು ತಿಂಗಳ ಮೇಲೆ ಮಗಳು ವೀಡಿಯೊ ಕಳಿಸಿದಳು. ರಿಯಾದಿನ ಮಲಾಜ್ ಬಡಾವಣೆಯ ನನ್ನ ಮನೆಯಲ್ಲಿ ಒಲೆಯ ಮುಂದೆ ನಿಂತೇ ನೋಡಿದೆ. ಅಡುಗೆಯವಳ ವೇಷದಲ್ಲಿ ಅವರು ಕಾಲು ಹಿಂದಿಟ್ಟು, ಕುರ್ಚಿ ಹಿಡಿದು, ನಾನು ಹೇಳಿದಷ್ಟೇ ಬಾಗಿದರು. ಮೊದಲ ಸಾಲಿನಲ್ಲಿ ಕೋಲು ಹಿಡಿದು ಕೂತವರೇ ತನ್ನ ಸೋದರಮಾವ ಎಂದು ಮಗಳು ಬರೆದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಅವರು ಸುಮ್ಮನೆ ಕೂತಿದ್ದರು. ನನಗೆ ಕೆಟ್ಟ ಸಿಟ್ಟು ಬಂತು. ಆಮೇಲೆ ಅವರು ಕೋಲೂರಿ ಎದ್ದರು, ತಂಗಿಗೆ ತಲೆ ಬಾಗಿಸಿದರು.

ಅದನ್ನು ಕಂಡದ್ದೇ ಆಕೆ ಕುರ್ಚಿ ಬಿಟ್ಟರು. ನಾನು ಬೇಡ ಎಂದ ಗೆರೆ ದಾಟಿ ಬಾಗಿದರು, ಇನ್ನೂ ಬಾಗಿದರು.

"ಸಾಕಮ್ಮಾ, ಸಾಕು, ಏಳಿ!" ಎಂದು ಕಣ್ಣೊರೆಸಿಕೊಳ್ಳುತ್ತ ಫೋನಿಗೇ ಕೂಗಿದೆ.