ಕೊಡದೆ ಇಟ್ಟುಕೊಂಡ ಪೊರೆ

ನಮ್ಮ ಮನೆಯಲ್ಲಿ ಹಾವಿದೆ ಎನ್ನುವುದು ಮೈಸೂರಿಗೆ ಗೊತ್ತಾದದ್ದು ನನ್ನ ಗಂಡನ ಬೆನ್ನಿನ ದೆಸೆಯಿಂದ.

ಟೋಕಿಯೋದ ಕೋಟೋ ಬಡಾವಣೆಯಲ್ಲಿ, ಕಿಟಕಿಯಿಂದ ಕಾಲುವೆ ಕಾಣುವ ಎತ್ತರದ ಫ್ಲ್ಯಾಟೊಂದರಲ್ಲಿ ನಾವು ಮೂವರಿದ್ದೆವು: ನಾನು, ಗಂಡ, ಮೂರನೇ ತರಗತಿಯಲ್ಲಿದ್ದ ಮಗಳು. ಕೊರೊನಾದ ಮೊದಲ ವರ್ಷ ಶಾಲೆ ಮುಚ್ಚಿತು. ಗಂಡನ ಆಫೀಸು ಊಟದ ಮೇಜಿಗೆ ಬಂತು. ಮಗಳು ಪ್ರಾಣಿಯೊಂದು ಬೇಕೆಂದು ಹಟ ಹಿಡಿದಳು. ನಮ್ಮ ಕಟ್ಟಡದಲ್ಲಿ ನಾಯಿ, ಬೆಕ್ಕು ಸಾಕುವಂತಿಲ್ಲ, ಪೆಟ್ಟಿಗೆಯೊಳಗೆ ಇರುವಂಥ ಸಣ್ಣ ಪ್ರಾಣಿಗೆ ಅಡ್ಡಿಯಿಲ್ಲ. ಆಮೆ ತರುತ್ತಾರೆ ಎಂದುಕೊಂಡಿದ್ದೆ. ಅಪ್ಪ ಮಗಳು ಮಾಸ್ಕ್ ಹಾಕಿಕೊಂಡು ಹೋಗಿ ಒಂದು ಹಾವಿನ ಮರಿ ತಂದರು. ಕಾರ್ನ್ ಸ್ನೇಕ್ ಎನ್ನುವ ಅಮೆರಿಕದ ಜಾತಿ. ವಿಷವಿಲ್ಲ. ಕಿತ್ತಳೆ ಬಣ್ಣದ ಮೈ, ಮೇಲೆ ಇಟ್ಟಿಗೆ ಬಣ್ಣದ ಮಚ್ಚೆ, ಪೆನ್ಸಿಲಿನಷ್ಟು ದಪ್ಪ. ಮಗಳು ಅದನ್ನು ಹೆಬಿ ಎಂದು ಕರೆದಳು. ಜಪಾನಿನಲ್ಲಿ ಹಾವಿಗೆ ಹೆಬಿ ಎಂದೇ ಹೇಳುವುದು. ಬೇರೆ ಹೆಸರು ಅದಕ್ಕೆ ಬೇಕಾಗಲಿಲ್ಲ.

ನಾನು ಸಂತೋಷದಿಂದ ಒಪ್ಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆಬಿಯ ಊಟ ಹೆಪ್ಪುಗಟ್ಟಿಸಿದ ಇಲಿಮರಿ. ಮೊಟ್ಟೆಯನ್ನೂ ತರದ ಮನೆ ನಮ್ಮದು. ನನ್ನ ಫ್ರೀಜರಿನಲ್ಲಿ ಕಾಯಿತುರಿ ಇತ್ತು, ಊರಿನಿಂದ ತಂದು ಜೋಪಾನ ಮಾಡಿದ್ದ ಕರಿಬೇವು ಇತ್ತು. ಅವುಗಳ ಕೆಳಗೆ, ಎರಡು ಚೀಲಗಳೊಳಗೆ ಒಂದು ಡಬ್ಬಿಯಲ್ಲಿ ಇಲಿಗಳಿದ್ದವು. ವಾರಕ್ಕೊಮ್ಮೆ ಮಗಳು ಒಂದನ್ನು ಬಿಸಿನೀರಿನಲ್ಲಿ ಕರಗಿಸಿ, ಚಿಮಟದಲ್ಲಿ ಹಿಡಿದು ಹಾವಿನ ಮುಂದೆ ಆಡಿಸುತ್ತಿದ್ದಳು. ಆಗ ನಾನು ಬಾಲ್ಕನಿಗೆ ಹೋಗಿ ಬಟ್ಟೆ ಒಣಹಾಕುತ್ತಿದ್ದೆ. ಊರಿಗೆ ಹೇಳುವುದು ಬೇಡವೆಂದು ಗಂಡ ಹೆಂಡಿರು ತೀರ್ಮಾನಿಸಿದ್ದೆವು.

ಆಮೇಲೆ ನಾಗರ ಪಂಚಮಿ ಬಂತು. ನನ್ನ ಗಂಡನಿಗೆ ಒಬ್ಬಳೇ ಅಕ್ಕ, ಮೈಸೂರಿನಲ್ಲಿ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ, ಮಗಳು ಅತ್ತೆ ಎನ್ನುತ್ತಾಳೆ. ಅವರ ಕಡೆ ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಬಂದ ಮೇಲೆ ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನನ್ನು ಹಾಲಿನಲ್ಲಿ ತೊಳೆಯುತ್ತಾರೆ. ಹಾಲಲ್ಲಿ ಅದ್ದಿದ ಹೂವನ್ನು ಬೆನ್ನಿಗೆ ತಾಗಿಸಿ, ಬೆನ್ನು ತಂಪಾಗಿರಲಿ, ಹೊಟ್ಟೆ ತಂಪಾಗಿರಲಿ ಎಂದು ಹರಸುತ್ತಾರೆ. ಪ್ರತಿ ವರ್ಷ ಆ ಹೊತ್ತಿಗೆ ರಜೆ ಹಾಕಿ ಊರಿಗೆ ಹೋಗುತ್ತಿದ್ದವನು ಆ ವರ್ಷ ಹೋಗುವಂತಿರಲಿಲ್ಲ. ವೀಡಿಯೊ ಕಾಲ್‌ನಲ್ಲೇ ಮಾಡುವುದೆಂದು ಅತ್ತಿಗೆ ನಿಶ್ಚಯಿಸಿದರು. ಅಲ್ಲಿ ಅವರು ಹೂವನ್ನು ಫೋನಿನ ಪರದೆಗೆ ತಾಗಿಸಬೇಕು. ಇಲ್ಲಿ ಮಗಳು ಅದೇ ಹೊತ್ತಿಗೆ ಅಪ್ಪನ ಬೆನ್ನಿಗೆ ತಾಗಿಸಬೇಕು.

ಗಂಡ ಅಂಗಿ ಕಳಚಿ, ಫೋನನ್ನು ಅಡುಗೆಕಟ್ಟೆಯ ಮೇಲೆ ಒರಗಿಸಿ, ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕುಳಿತ. ಎದುರಿನ ಶೆಲ್ಫಿನಲ್ಲಿದ್ದ ಗಾಜಿನ ಪೆಟ್ಟಿಗೆಯ ನೆನಪು ನಮ್ಮಿಬ್ಬರಿಗೂ ಬರಲಿಲ್ಲ. ಅಲ್ಲಿಯ ಪರದೆಯಲ್ಲಿ ತಮ್ಮನ ಬೆನ್ನು, ಹೆಗಲ ಮೇಲಕ್ಕೆ ಹೆಬಿ.

“ಏನೋ ಅದು, ನಿನ್ನೆದುರಿಗೆ ಆಡ್ತಾ ಇರೋದು?”

ನಾನು ಫೋನ್ ಆರಿಸಲು ಹೋದೆ. ಅಷ್ಟರಲ್ಲಿ ಅತ್ತಿಗೆ ಕೈಮುಗಿದಿದ್ದರು. ಪಂಚಮಿಯ ದಿನ ಸಾಕ್ಷಾತ್ ದರ್ಶನವಾಯಿತು, ಎರಡು ಹನಿ ಹಾಲು ಎರೆಯಿರಿ ಎಂದರು. ಮಗಳು ಪೆಟ್ಟಿಗೆಗೆ ಅಡ್ಡ ನಿಂತಳು. “ದಾಮೆ,” ಎಂದಳು, ಕೂಡದು ಎಂದು. “ನೋ ಮಿಲ್ಕ್, ಅತ್ತೆ. ಶೀ ವಿಲ್ ಗೆಟ್ ಸಿಕ್.”

ಅತ್ತಿಗೆಯ ಮುಖ ಸಣ್ಣಗಾಯಿತು. ಅಥವಾ ನೆಟ್‌ವರ್ಕ್ ನಿಂತು ಹಾಗೆ ಕಂಡಿತೋ. ಆಮೇಲೆ ನಡೆದದ್ದರಿಂದ ಆ ಮುಖವನ್ನು ನಾನೇ ತಿದ್ದಿ ನೋಡುತ್ತಿದ್ದೇನೋ ಏನೋ.

ಮಾವನವರಿಗೆ ಮಾತ್ರ ಹಾವಿನ ಸುದ್ದಿ ಕೇಳಿ ಖುಷಿಯಾಯಿತು. ಪ್ರತಿ ಭಾನುವಾರ ಫೋನಿನಲ್ಲಿ ಮೊಮ್ಮಗಳನ್ನು ಮೊದಲು ಕೇಳುತ್ತಿದ್ದುದು, “ನಿಮ್ಮ ನಾಗಪ್ಪನ ಊಟ ಆಯ್ತಾ?” ಎಂದು. ಅವಳು ಜಪಾನಿ ಇಂಗ್ಲಿಷು ಬೆರೆಸಿ ವಿವರಿಸುತ್ತಿದ್ದಳು. ಅವರಿಗೆ ಎಷ್ಟು ಅರ್ಥವಾಗುತ್ತಿತ್ತೋ, ಎಲ್ಲಕ್ಕೂ ಹೌದೌದು ಎನ್ನುತ್ತಿದ್ದರು.

ಮರುವರ್ಷದ ಎರಡನೇ ಅಲೆಯಲ್ಲಿ ಅವರು ಹೋದರು. ಆಸ್ಪತ್ರೆಯ ಹೊರಗೆ, ಕಾರಿನಲ್ಲಿ, ಆಕ್ಸಿಜನ್ನಿಗೆ ಕಾಯುತ್ತ. ಗಂಡನಿಗೆ ಹೋಗಲು ದಾರಿ ಇರಲಿಲ್ಲ; ಹೋದರೆ ಮರಳಿ ಬರಲು ಬಿಡುತ್ತಾರೆಂಬ ಖಾತರಿಯೂ ಇರಲಿಲ್ಲ. ವೈಕುಂಠ ಸಮಾರಾಧನೆಯ ದಿನ ನಮ್ಮ ಊಟದ ಮೇಜಿನ ಲ್ಯಾಪ್‌ಟಾಪಿನಲ್ಲಿ ನೆಂಟರೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಕುಳಿತಿದ್ದರು. ಅತ್ತಿಗೆ ಅತ್ತು ಅತ್ತು ಸೋತಿದ್ದರು. ಅವರು ನನ್ನನ್ನು ನೋಡಿ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದಿರುವುದು ಹೀಗೆ:

“ಜೀವಂತ ನಾಗರನ್ನ ಗಾಜಲ್ಲಿ ಕೂಡಿಹಾಕಿ, ಪಂಚಮಿ ದಿನ ಹಾಲೆರೆಯೋಕೂ ನಿನ್ನ ಮಗಳು ಬಿಡಲಿಲ್ಲ. ಅದಕ್ಕೇ ಅಪ್ಪ ಉಸಿರಿಗೆ ಒದ್ದಾಡಿ ಹೋದ್ರು.”

ನನ್ನ ಗಂಡ ಲ್ಯಾಪ್‌ಟಾಪಿನ ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದ, ಬೆಳಕು ಸರಿಯಿಲ್ಲವೆಂಬಂತೆ. ಮಗಳು ನನ್ನ ಪಕ್ಕದಲ್ಲಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ ಎಂದು ಊರಿನವರು ತಿಳಿದಿದ್ದರು. ಮಾತಾಡಲು ಬರುವುದಿಲ್ಲ ನಿಜ, ಕೇಳಿದ್ದೆಲ್ಲ ತಿಳಿಯುತ್ತದೆ. ಅವಳು ಎದ್ದುಹೋಗಿ ಗಾಜಿನ ಪೆಟ್ಟಿಗೆಯ ಮೇಲೆ ತನ್ನ ಸ್ನಾನದ ಟವೆಲ್ ಹೊದಿಸಿ ಬಂದಳು. ಆಮೇಲೆ ನನ್ನನ್ನು ಕೇಳಿದಳು, “ಅಮ್ಮಾ, ವಾಸ್ ಇಟ್ ಮೀ?”

ಅಲ್ಲ ಎಂದೆ. ದಿನವೂ ಅಲ್ಲ ಎಂದೆ. ನನ್ನ ಮಾತು ಅವಳಿಗೆ ಸಾಕಾಗಲಿಲ್ಲ. ಅವಳು ಹಾವನ್ನು ಮತ್ತೆ ಮುಟ್ಟಲಿಲ್ಲ. ಅಂಗಡಿಗೆ ವಾಪಸು ಕೊಡೋಣವೇ ಎಂದು ಒಮ್ಮೆ ಕೇಳಿದಳು. ಬೇಡ ಎಂದೆ. ತೀರ್ಪು ಕೊಟ್ಟ ಬಾಯಿಯೇ ಅದನ್ನು ಹಿಂತೆಗೆದುಕೊಳ್ಳಬೇಕು, ಇವಳ ಎದುರಿಗೆ, ಇವಳು ಕೇಳುವಂತೆ. ಅಲ್ಲಿಯವರೆಗೆ ಹಾವು ಈ ಮನೆಯಿಂದ ಕದಲುವುದಿಲ್ಲ ಎಂದು ಅಂದೇ ಮನಸ್ಸಿನಲ್ಲಿ ಹಾಕಿಕೊಂಡೆ.

ಆ ವಾರದಿಂದ ಇಲಿ ಕರಗಿಸುವ ಕೆಲಸ ನನ್ನದಾಯಿತು. ಮೊದಲ ಸಲ ಅತ್ತಿಗೆಯ ಮುಖ ನೆನೆಸಿಕೊಂಡು ಚಿಮಟ ಎತ್ತಿದೆ. ಹೆಬಿ ಇಲಿಯ ತಲೆಯನ್ನು ಹುಡುಕಿ, ಅಲ್ಲಿಂದಲೇ ನುಂಗತೊಡಗುತ್ತಿತ್ತು. ಅವಸರವಿಲ್ಲ, ದ್ವೇಷವೂ ಇಲ್ಲ. ದ್ವೇಷ ಚಿಮಟ ಹಿಡಿದವಳಲ್ಲಿ ಇತ್ತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಗುಲಾಬಿ, ದೀಪ, ಶುಭೋದಯ. ನಾನು ಪ್ರತಿ ಸೋಮವಾರ ಹೆಬಿಯ ಫೋಟೊ ಹಾಕಿ ಶುಭೋದಯ ಎಂದು ಬರೆಯತೊಡಗಿದೆ. ಚಿಕ್ಕಮಾವ ಒಬ್ಬರು ಮೊದಮೊದಲು ಕೈಮುಗಿಯುವ ಚಿಹ್ನೆ ಹಾಕುತ್ತಿದ್ದರು, ಆಮೇಲೆ ನಿಲ್ಲಿಸಿದರು, ಅವರಿಗೂ ಅನುಮಾನ ಬಂದಿರಬೇಕು.

ಗಂಡನ ಜೊತೆ ಇದೇ ಜಗಳ. ದುಃಖದಲ್ಲಿ ಏನೋ ಅಂದಳು, ಬಿಟ್ಟುಬಿಡು ಎನ್ನುತ್ತಿದ್ದ. ಒಮ್ಮೆ ಇನ್ನೂ ಮುಂದೆ ಹೋಗಿ, ಅಕ್ಕ ಬರಿಯ ‘ಏನು ದೋಷವೋ’ ಎಂದಿದ್ದಳು, ಉಳಿದದ್ದು ನೀನು ಸೇರಿಸಿದ್ದು ಎಂದ. ನಾನು ದಿನಚರಿ ಬರೆಯುವವಳು, ಆ ಮಾತು ಅದರಲ್ಲಿದೆ. ಆದರೆ ಅಂದು ಬರೆದದ್ದು ಸಿಟ್ಟಿನ ಕೈ. ಸಿಟ್ಟಿನ ಕೈಗೆ ವಾಕ್ಯಗಳನ್ನು ಚೂಪು ಮಾಡುವ ಚಟ ಇರುತ್ತದೆ. ಹಾಗಿದ್ದರೂ ಮಗಳು ಹೊದಿಸಿದ ಟವೆಲ್ ನಾನು ಸೇರಿಸಿದ್ದಲ್ಲ.

ಜಪಾನು ಬಂಧುಗಳಿಗೆ ಮತ್ತೆ ವೀಸಾ ಕೊಡಲು ಶುರುಮಾಡಿದ ವರ್ಷ, ಶ್ರಾವಣಕ್ಕೆ ಸರಿಯಾಗಿ ಅತ್ತಿಗೆ ಬರುತ್ತೇನೆಂದರು. ಅಪ್ಪ ಇಲ್ಲದ ಮೇಲೆ ತಮ್ಮನ ಬೆನ್ನನ್ನು ಈ ಸಲ ಪರದೆಯಲ್ಲಿ ತೊಳೆಯಲಾರೆ ಎಂದರಂತೆ. ನಾನು ಬನ್ನಿ ಎಂದೆ. ಅಷ್ಟು ಮನಸಾರೆ ಯಾರನ್ನೂ ಕರೆದದ್ದಿಲ್ಲ.

ಅವರಿಗೆಂದು ಸಣ್ಣ ಕೋಣೆ ತೆರವು ಮಾಡಿ, ಗಾಜಿನ ಪೆಟ್ಟಿಗೆಯನ್ನು ಹಾಸಿಗೆಯ ತಲೆದೆಸೆಗೆ ಸರಿಸಿದೆ. ಬಂದವರು ಕಾಲು ತೊಳೆದು ಕೋಣೆಗೆ ಹೋದರು. ನಾನು ಬಾಗಿಲ ಬಳಿ ಕಾದೆ. ಅವರು ಪೆಟ್ಟಿಗೆಗೆ ಕೈಮುಗಿದು, ಪಕ್ಕದಲ್ಲೇ ತಮ್ಮ ಜಪಮಣಿ ಇಟ್ಟು, ಮಲಗಿ ಗೊರಕೆ ಹೊಡೆದರು. ನನ್ನ ಮೊದಲ ಏಟು ಹೀಗೆ ದಂಡವಾಯಿತು.

ಎರಡನೆಯದು ತಾಗಿತು. ಪಂಚಮಿಯ ಬೆಳಿಗ್ಗೆ ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ. ತಂಬಿಟ್ಟು, ಚಿಗಳಿ, ಹಬೆಯ ಕಡುಬು ಇಷ್ಟೇ. ಕಡುಬಿಗೆ ಕಾಯಿತುರಿ ಎಲ್ಲಿ ಎಂದು ಕೇಳಿದರು. ಫ್ರೀಜರಿನಲ್ಲಿ, ನೀವೇ ತೆಗೆದುಕೊಳ್ಳಿ ಎಂದೆ. ಎರಡು ಚೀಲಗಳನ್ನು ಹಿಂದಿನ ದಿನವೇ ಬಿಚ್ಚಿ ಇಲಿಯ ಡಬ್ಬಿಯನ್ನು ಮೇಲಿಟ್ಟಿದ್ದೆ. ಅವರು ಮುಚ್ಚಳ ತೆಗೆದರು.

“ಏನೇ ಇದು?”

“ನೈವೇದ್ಯ, ಅತ್ತಿಗೆ. ನೀವು ಕೈಮುಗಿತೀರಲ್ಲ, ಅವಳಿಗೆ.”

ಅವರು ಕೂಗಲಿಲ್ಲ. ಡಬ್ಬಿ ಮುಚ್ಚಿ, ಅಲ್ಲೇ ಸ್ಟೂಲಿನ ಮೇಲೆ ಕುಳಿತು, ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದರು. ನನಗೆ ಬಹಳ ಹಿತವಾಯಿತು. ಈಗ ಬರೆಯುವಾಗಲೂ ಆಗುತ್ತಿದೆ. ಆಮೇಲೆ ಅವರು ಎದ್ದು ಮತ್ತೊಮ್ಮೆ ಸ್ನಾನ ಮಾಡಿ ಬಂದರು, ಕಾಯಿ ಇಲ್ಲದೆ ಬರೀ ಬೆಲ್ಲ ತುಂಬಿ ಕಡುಬು ಮಾಡಿದರು.

ಗಂಡ ಅಂಗಿ ಕಳಚಿ ಮಣೆಯ ಮೇಲೆ ಕುಳಿತ. ಅತ್ತಿಗೆ ಹಾಲಿನ ಬಟ್ಟಲು, ಸೇವಂತಿಗೆ ಹಿಡಿದು ಬಂದರು. ಮಾವನವರು ಹೋದ ಮೇಲೆ ತವರು ಎಂದರೆ ಅವರಿಗೆ ಈ ಬೆನ್ನೊಂದೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ನಾನು ಮಣೆಗೂ ಅವರಿಗೂ ನಡುವೆ ಹೋಗಿ ನಿಂತೆ.

“ಮೊದಲು ಇವಳಿಗೆ ಹೇಳಿ,” ಎಂದೆ, ಬಾಗಿಲಲ್ಲಿದ್ದ ಮಗಳನ್ನು ತೋರಿಸಿ. “ತಾತ ಹೋಗಿದ್ದು ಇವಳಿಂದಲ್ಲ ಅಂತ. ಆಮೇಲೆ ತೊಳೀರಿ.”

ಗಂಡ ನನ್ನ ಹೆಸರು ಹಿಡಿದು ಸುಮ್ಮನಿರು ಎಂದ. ಅತ್ತಿಗೆ ಮಾತ್ರ ನನ್ನನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು.

“ಇವಳಿಂದ ಅಂತ ನಾನ್ಯಾವಾಗಮ್ಮ ಅಂದೆ?”

ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಇಷ್ಟು ಕಾಲ ನಾನು ಸಾಕಿದ್ದ ಮಾತು ಅದನ್ನು ಆಡಿದವರ ಮನೆಯಲ್ಲಿ ಇರಲೇ ಇಲ್ಲ. ಗಂಡನ ಭುಜ ಸಡಿಲವಾದದ್ದು ಕಂಡಿತು. ನೋಡಿದೆಯಾ ಎನ್ನುವ ಹಾಗೆ.

ಆಗ ಮಗಳು ಮಾತಾಡಿದಳು. ಕನ್ನಡದಲ್ಲಿ ಎರಡು ಪದ ಜೋಡಿಸಲು ತಡಕಾಡುವ ಹುಡುಗಿ, ಎಲ್ಲಿಯೂ ನಿಲ್ಲದೆ, ಅತ್ತೆಯದೇ ಎಳೆತದಲ್ಲಿ ಹೇಳಿದಳು:

“ಜೀವಂತ ನಾಗರನ್ನ ಗಾಜಲ್ಲಿ ಕೂಡಿಹಾಕಿ, ಪಂಚಮಿ ದಿನ ಹಾಲೆರೆಯೋಕೂ ಬಿಡಲಿಲ್ಲ. ಅದಕ್ಕೇ ಅಪ್ಪ ಉಸಿರಿಗೆ ಒದ್ದಾಡಿ ಹೋದ್ರು.”

ಅವಳು ಇಡಿಯಾಗಿ ಆಡಿದ ಅತಿ ಉದ್ದದ ಕನ್ನಡ ಅದು. ಯಾರು ಕಲಿಸಿದ್ದು ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಅತ್ತಿಗೆಗೆ ತಮ್ಮದೇ ದನಿಯ ಗುರುತು ಸಿಕ್ಕಿತು. ಬಟ್ಟಲಿನ ಹಾಲು ತುಳುಕಿ ಕಾಲಿನ ಮೇಲೆ ಬಿತ್ತು. ಅವರು ಬಟ್ಟಲನ್ನು ಕೆಳಗಿಟ್ಟು, ಮಂಡಿಯೂರಿ, ಮಗಳ ಎತ್ತರಕ್ಕೆ ಬಂದರು.

“ಆಕ್ಸಿಜನ್ ಸಿಗಲಿಲ್ಲ ಪುಟ್ಟಾ. ನಾನು ಊರೆಲ್ಲ ಅಲೆದೆ. ಸಿಲಿಂಡರ್ ತಂದುಕೊಡ್ತೀನಿ ಅಂದವನನ್ನ ನಂಬಿ ಕೂತೆ, ಅವನು ಬರಲೇ ಇಲ್ಲ. ನಿನ್ನಿಂದ ಅಲ್ಲ. ಹಾವಿಂದಾನೂ ಅಲ್ಲ.”

ಮಗಳು ತಲೆಯಾಡಿಸಿದಳು. ನಾನು ಸಾವಿರ ಸಲ ಹೇಳಿ ಸಾಲದಿದ್ದ ಮಾತು ಒಂದೇ ಸಲಕ್ಕೆ ಸಾಕಾಯಿತು. ಅವಳು ಕೋಣೆಗೆ ಹೋಗಿ ಗಾಜಿನ ಮುಚ್ಚಳ ಸರಿಸಿ, ಆ ಸಾವಿನ ಸುದ್ದಿಯ ನಂತರ ಮೊದಲ ಬಾರಿಗೆ ಹೆಬಿಯನ್ನು ಹೊರಗೆ ತೆಗೆದಳು. ಅದು ಅವಳ ಮೊಣಕೈಗೆ ಸುತ್ತಿಕೊಂಡಿತು. ಅತ್ತಿಗೆ ಹತ್ತಿರ ಹೋದಾಗ, ಹಾಲಿನ ಕೈಯಲ್ಲಿ ಮುಟ್ಟಬೇಡಿ, ಮೊದಲು ತೊಳೆದು ಬನ್ನಿ ಎಂದಳು, ಜಪಾನಿಯಲ್ಲಿ, ನಲ್ಲಿಯ ಕಡೆ ಕೈ ತೋರಿಸಿ. ಅವರಿಗೆ ಅರ್ಥವಾಗಿ ತೊಳೆದು ಬಂದರು.

ತಮ್ಮನ ಬೆನ್ನನ್ನೂ ತೊಳೆದರು. ನಾನು ದಾರಿ ಬಿಟ್ಟಿದ್ದೆ. ನೆಲಕ್ಕೆ ಹರಿದ ಹಾಲನ್ನು ಒರೆಸಲು ಬಟ್ಟೆ ಕೇಳಿದಾಗ ಕೊಟ್ಟೆ, ಒರೆಸಲಿಲ್ಲ. ಅವರು ಬಗ್ಗಿ ಒರೆಸುವುದನ್ನು ಕೊನೆಯವರೆಗೂ ನೋಡಿದೆ.

ಗಮನಿಸಿದ್ದೀರಲ್ಲ, ಮಗಳು ಹೇಳಿದ್ದರಲ್ಲಿ ‘ನಿನ್ನ ಮಗಳು’ ಎಂಬುದು ಇರಲಿಲ್ಲ. ನನ್ನ ನೆನಪಿನಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ. ಅವಳದು ಸರಿಯಾಗಿದ್ದರೆ ಅತ್ತಿಗೆ ಮಗುವಿನತ್ತ ಬೆರಳು ತೋರಿಸಿರಲೇ ಇಲ್ಲ, ತೋರಿಸಿದ್ದು ನನ್ನತ್ತ. ಇದನ್ನು ಬಹಳ ಸಲ ಯೋಚಿಸಿದ್ದೇನೆ. ಅವಳ ನೆನಪನ್ನೇ ನಂಬುವುದೆಂದೂ ತೀರ್ಮಾನಿಸಿದ್ದೇನೆ. ಆದರೆ ಆ ಎರಡು ಪದ ಕಳೆದರೆ ನನ್ನ ಸಿಟ್ಟಿನಲ್ಲಿ ಏನೂ ಕಳೆಯುವುದಿಲ್ಲ. ಹಾಗಾದರೆ ಆ ಸಿಟ್ಟು ಮಗಳಿಗಾಗಿಯೇ ಇತ್ತೇ ಎಂದು ಕೇಳಿಕೊಂಡರೆ ಉತ್ತರ ತಡವಾಗುತ್ತದೆ.

ಅವರು ಹೊರಡುವ ಹಿಂದಿನ ದಿನ ಹೆಬಿ ಪೊರೆ ಬಿಟ್ಟಿತು. ಕಣ್ಣಿನ ಗುರುತು ಸಹಿತ ಎಲ್ಲೂ ಹರಿಯದೆ, ಕಾಲುಚೀಲ ಕಳಚಿದ ಹಾಗೆ. ಅತ್ತಿಗೆ ಸೂಟ್‌ಕೇಸು ಕಟ್ಟುತ್ತ, ಮುಜುಗರದಿಂದ, ಅದನ್ನು ನನಗೆ ಕೊಡ್ತೀಯಾ, ದೇವರ ಮನೆಯಲ್ಲಿಟ್ಟು ಪೂಜೆ ಮಾಡುತ್ತೇನೆ, ಅಪ್ಪ ಅದನ್ನು ಅಷ್ಟು ವಿಚಾರಿಸುತ್ತಿದ್ದರಲ್ಲ ಎಂದರು. ಮಗಳನ್ನು ಕೇಳಿದ್ದರೆ ಕುಣಿದು ಕೊಡುತ್ತಿದ್ದಳು. ಅವಳು ಶಾಲೆಯ ಈಜಿನ ತರಗತಿಗೆ ಹೋಗಿದ್ದಳು.

“ಅಯ್ಯೋ, ಇವತ್ತು ಸುಡೋ ಕಸ ಒಯ್ಯೋ ದಿನ ಅತ್ತಿಗೆ,” ಎಂದೆ. “ಬೆಳಿಗ್ಗೇನೇ ಹೋಯ್ತು.”

ಅವರು ಹೌದಾ ಎಂದು ಸೂಟ್‌ಕೇಸಿನ ಜಿಪ್ ಎಳೆದರು. ಪೊರೆ ನನ್ನ ಮೇಜಿನ ಖಾನೆಯಲ್ಲಿ, ಬಿಸ್ಕತ್ತಿನ ತಗಡಿನ ಡಬ್ಬಿಯೊಳಗಿದೆ. ಇದನ್ನು ಬರೆಯುವ ಮೊದಲು ಒಮ್ಮೆ ತೆಗೆದು ನೋಡಿದೆ. ಚೂರೂ ಕೆಟ್ಟಿಲ್ಲ. ಕೊಡುವುದಿಲ್ಲ.