ಚಪ್ಪಾಳೆ ಇಲ್ಲದ ರೆಕಾರ್ಡಿಂಗ್

ಮನುಷ್ಯನನ್ನು ಪ್ರಾಣಿಗಳಿಂದ ಬೇರ್ಪಡಿಸುವುದು ಸಂಯಮ ಎಂಬುದು ನನ್ನ ದೃಢ ನಂಬಿಕೆ. ಈ ನಂಬಿಕೆ ವಾಲಗದ ಸದ್ದು ಕಿವಿಗೆ ಬೀಳುವವರೆಗೆ ಮಾತ್ರ ಊರ್ಜಿತ.

ನನ್ನ ತಮ್ಮನ ಮಗಳು ಹಾಡುತ್ತಾಳೆ, ಅವಳದೇ ಒಂದು ಬ್ಯಾಂಡ್ ಇದೆ. ಮೊದಲ ಲೈವ್ ರೆಕಾರ್ಡಿಂಗ್ ಗೋಣಿಕೊಪ್ಪಲಿನ ಕಲ್ಯಾಣ ಮಂಟಪದಲ್ಲೇ ಆಗಬೇಕೆಂದು ಹಟ ಹಿಡಿದಳು.

"ಹಾಡು ಸ್ಟುಡಿಯೋದಲ್ಲೂ ಆಗ್ತದೆ ದೊಡ್ಡಪ್ಪ. ನಮ್ಮವರು ಎದುರಿಗಿದ್ರು ಅಂತ ಅದ್ರಲ್ಲಿ ಕೇಳ್ಬೇಕು. ನಂಗೆ ಅಷ್ಟೇ ಬೇಕಾದ್ದು."

ಮೈಕು ಕಟ್ಟುತ್ತಿದ್ದ ರೆಕಾರ್ಡಿಂಗಿನವನು, ಹಾಡುವಾಗ ಗಲಾಟೆ ಬೇಡವೆಂದು ಯಾರಾದರೂ ಒಂದು ಮಾತು ಹೇಳಿ ಎಂದ. ಆ ಹೊಣೆ ಹೊತ್ತವಳು ನನ್ನ ಅಕ್ಕ, ನಿವೃತ್ತ ಹೆಡ್‌ಮಿಸ್. ಮಂಟಪದಲ್ಲಿದ್ದ ಅರ್ಧ ಜನ ಅವಳ ಕೈಯಲ್ಲೇ ಕಲಿತವರು.

"ಕೆಮ್ಮು ಬರುವವರು ಈಗಲೇ ಹೊರಗೆ ಹೋಗಿ. ಉಳಿದವರು ಮುಗಿಯೋವರೆಗೆ ತುಟಿ ಪಿಟಕ್ ಅನ್ನಬಾರದು."

ಮೊದಲ ಹಾಡು ಮುಗಿಯಿತು. ಒಂದು ಚಪ್ಪಾಳೆಯಿಲ್ಲ. ಎರಡನೆಯದೂ ಹಾಗೆಯೇ. ಹುಡುಗಿ ಗಾಬರಿಯಿಂದ ನನ್ನತ್ತ ನೋಡಿದಳು. ನಾನು ಗಂಭೀರವಾಗಿ ತಲೆದೂಗಿದೆ. ಪಕ್ಕದ ತೋಟದ ಯಜಮಾನರು ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು, ಕಣ್ಣು ತುಂಬಿಕೊಂಡು, "ಎಂಥ ಹಾಡ್ತಾಳೆ ಮಾರಾಯ" ಎಂದು ನನ್ನ ಕಿವಿಯಲ್ಲಿ ಉಸುರಿದರು. ಅಕ್ಕ ತಿರುಗಿ ನೋಡಿದಳು. ಅವರು ಅರವತ್ತು ದಾಟಿದವರು, ಆದರೂ ನೆಟ್ಟಗೆ ಕುಳಿತರು.

ಹೀಗೇ ನಡೆದು ಕೊನೆಯ ಹಾಡು ಬಂತು. ಅಷ್ಟು ಹೊತ್ತಿಗೆ ಹುಡುಗಿಯ ಮುಖ ಬಾಡಿತ್ತು. ಆ ಹಾಡಿಗೆಂದು ಗಿಟಾರಿನ ಪಕ್ಕದಲ್ಲಿ ವಾಲಗದವರನ್ನು ಕೂರಿಸಿದ್ದಳು. ಡೋಲಿನ ಮೇಲೆ ಮೊದಲ ಪೆಟ್ಟು ಬಿದ್ದಿತು. ನಮ್ಮ ಮದುವೆಗಳಲ್ಲಿ ಆ ಪೆಟ್ಟು ಬಿದ್ದ ಮೇಲೆ ಕುಣಿಯದೆ ಕುರ್ಚಿಯಲ್ಲಿ ಉಳಿಯುವವರು ಹೆಣ್ಣು ಕೊಟ್ಟವರಾದರೂ ಸರಿ, ಅನುಮಾನಕ್ಕೆ ಗುರಿಯಾಗುತ್ತಾರೆ.

ಎಲ್ಲರಿಗಿಂತ ಮೊದಲು ಎದ್ದವಳು ಅಕ್ಕ. ಚಪ್ಪಲಿ ಕಳಚಿ ಕುರ್ಚಿಯಡಿ ಜೋಡಿಸಿಟ್ಟಳು. ಕೈ ಎತ್ತಿ, ತುಟಿ ಬಿಗಿದುಕೊಂಡು ಕುಣಿಯತೊಡಗಿದಳು. ಮಂಟಪಕ್ಕೆ ಮಂಟಪವೇ ಚಪ್ಪಲಿ ಬಿಟ್ಟು ಎದ್ದಿತು. ಒಂದು ಕೇಕೆಯಿಲ್ಲ, ಒಂದು ಸಿಳ್ಳೆಯಿಲ್ಲ. ಇಷ್ಟು ಶಿಸ್ತಿನ ಕುಣಿತವನ್ನು ನಾನು ಕಂಡಿಲ್ಲ. ಅದರ ನಡುವೆ ನಾನೂ ಇದ್ದೆ. ಹುಡುಗಿ ನಗುತ್ತಲೇ ಹಾಡು ಮುಗಿಸಿದಳು.

ರೆಕಾರ್ಡಿಂಗಿನವನು ಅವಳಿಗೆ ಸಮಾಧಾನ ಹೇಳಿದ: "ಚಪ್ಪಾಳೆ ಕಂಪ್ಯೂಟರಲ್ಲೇ ಉಂಟು ಮೇಡಂ, ಸೇರಿಸ್ತೇನೆ."

"ಬೇಡ. ಅದು ಯಾರದ್ದೋ ಕೈ. ಇದು ನಮ್ಮ ಅತ್ತೆಯ ಕಾಲು."

ರೆಕಾರ್ಡಿಂಗ್ ಈಗ ಹೊರಬಂದಿದೆ. ಕೊನೆಯ ಹಾಡಿನಲ್ಲಿ ಡೋಲಿನ ಹಿಂದೆ ಬರಿಗಾಲುಗಳ ಸದ್ದು ಕೇಳುತ್ತದೆ. ಚಪ್ಪಾಳೆ ಎಲ್ಲಿಯೂ ಇಲ್ಲ.