ಡ್ರೋನ್‌ಗೆ ಹಾಕಿದ ರಂಗೋಲಿ

ನಮ್ಮ ಮನೆ ಸೋರುತ್ತದೆ ಎಂಬ ಮಾತನ್ನು ನನ್ನ ಅತ್ತೆ ಹೊರಗಿನವರ ಮುಂದೆ ಒಮ್ಮೆಯೂ ಆಡಿದವರಲ್ಲ. ಹೌಸಿಂಗ್ ಸೊಸೈಟಿಯ ಆಫೀಸಿಗೆ ಹೋಗಿ ಜಗಳ ಮಾಡುತ್ತಿದ್ದವರು ನಾನು ಮತ್ತು ನನ್ನ ಗಂಡ. ಅತ್ತೆ ಮನೆಯೊಳಗೆ ಚಾವಣಿಗೆ ಶಾಪ ಹಾಕುತ್ತಿದ್ದರು, ಸೋರುವಲ್ಲಿ ಬಕೆಟ್ ಇಡುತ್ತಿದ್ದರು, ಯಾರಾದರೂ ಬಾಗಿಲು ಬಡಿದರೆ ಆ ಬಕೆಟುಗಳನ್ನೆಲ್ಲ ಮೋರಿಗೆ, ಅಂದರೆ ಮನೆಯೊಳಗಿನ ಬಚ್ಚಲಿಗೆ, ಸಾಗಿಸಿ ನೆಲ ಒರೆಸಿ ಆಮೇಲೆ ಚಿಲಕ ತೆಗೆಯುತ್ತಿದ್ದರು. ಬಾಗಿಲ ಹೊರಗೆ ನಿಂತವರು ನಾವು ಮಲಗಿದ್ದೇವೆಂದು ತಿಳಿಯುತ್ತಿದ್ದರು.

ನಾನು ಮುಂಬಯಿಯ ಬೊರಿವಲಿಯಲ್ಲಿ ಬೆಳೆದವಳು, ತವರಿನವರು ಉಡುಪಿ ಕಡೆಯವರು. ನಮ್ಮಲ್ಲಿ ಒಂದು ಹನಿ ಬಿದ್ದರೂ ಇಡೀ ಬಿಲ್ಡಿಂಗಿಗೆ ಗೊತ್ತಾಗುತ್ತದೆ. ಮದುವೆಯಾಗಿ ಆಂಟಾಪ್ ಹಿಲ್‌ನ, ವಿಜಯಪುರ ಕಡೆಯವರ ಈ ಮನೆಗೆ ಬಂದ ಮೇಲೆ ನಾನು ಮೊದಲು ಕಲಿತದ್ದು ರೊಟ್ಟಿ ಬಡಿಯುವುದನ್ನಲ್ಲ, ಮನೆಯ ಮಾತು ಹೊಸಿಲು ದಾಟಬಾರದು ಎಂಬುದನ್ನು. ರೊಟ್ಟಿ ಬಡಿಯುವುದು ಇನ್ನೂ ಬಂದಿಲ್ಲ.

ನಮ್ಮದು ನಾಲ್ಕು ಮಹಡಿಯ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ನಾವಿರುವುದು ತುತ್ತತುದಿಯಲ್ಲಿ. ನಮ್ಮ ಮೇಲೆ ಟೆರೇಸು, ಟೆರೇಸಿನ ಮೇಲೆ ನೀರಿನ ಟಾಕಿ, ಟಾಕಿಯ ಮೇಲೆ ಹದ್ದುಗಳು. ಹೊರಗಿನ ಕೋಣೆಯಲ್ಲಿ ಅತ್ತೆಯ ಜೋಳದ ರೊಟ್ಟಿಯ ವ್ಯವಹಾರ. ಮಾವ ತೀರಿಕೊಂಡ ಮೇಲೆ ಅವರೇ ಶುರು ಮಾಡಿದ್ದು. ಬಡಿದು, ಬೇಯಿಸಿ, ಒಣಗಿಸಿದ ಖಡಕ್ ರೊಟ್ಟಿಗಳನ್ನು ದೊಡ್ಡ ಬುಟ್ಟಿಗಳಲ್ಲಿ ಒಂದರ ಮೇಲೊಂದು ಒಟ್ಟಿ, ಬಿಳಿ ಬಟ್ಟೆ ಮುಚ್ಚಿಡುತ್ತಿದ್ದರು. ಸುತ್ತಲಿನ ಕನ್ನಡದ ಮನೆಗಳು, ಕಟ್ಟಡದ ಕೆಲಸಕ್ಕೆ ಬಂದ ವಿಜಯಪುರ ಕಡೆಯ ಮಂದಿ, ಸಕ್ಕರೆ ಕಾಯಿಲೆಯವರು, ಎಲ್ಲರೂ ಗಿರಾಕಿಗಳೇ. ಖಡಕ್ ರೊಟ್ಟಿ ಮುರಿದರೆ ಟಪ್ಪೆನ್ನಬೇಕು. ಮಳೆಗಾಲದಲ್ಲಿ ಆ ಕೋಣೆಯ ಚಾವಣಿ ಜಿನುಗಿ ರೊಟ್ಟಿಗೆ ಬೂಸು ಬರುತ್ತಿತ್ತು. ಹಿಂದಿನ ವರ್ಷ ಹಾಗೆಯೇ ಬುಟ್ಟಿಗಟ್ಟಲೆ ಹಾಳಾಗಿ, ಅತ್ತೆ ಮೈಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಮಳೆ ಮುಗಿಯುವತನಕ ಒಲೆಗೆ ಹಂಚು ಇಡಲಿಲ್ಲ. ಅರ್ಧ ಗಿರಾಕಿಗಳು ಬೇರೆ ಕಡೆ ಹೋದರು. ಈ ಸಲವೂ ಹಾಗಾದರೆ ಉಳಿದರ್ಧವೂ ಹೋಗುತ್ತದೆ, ಆಮೇಲೆ ತಾನು ಈ ಮನೆಯಲ್ಲಿ ಮಾಡುವುದಾದರೂ ಏನು ಎಂದು ಅವರು ಒಂದು ದಿನ ಹಿಟ್ಟು ನಾದುತ್ತ ಕೇಳಿದ್ದರು. ನನ್ನನ್ನು ಕೇಳಿದ್ದೋ ಹಿಟ್ಟನ್ನು ಕೇಳಿದ್ದೋ ಗೊತ್ತಾಗಲಿಲ್ಲ.

ನಮ್ಮ ಕಾಲೊನಿಯ ಕಟ್ಟಡಗಳಿಗೆಲ್ಲ ಒಂದೇ ಸೊಸೈಟಿ, ಅದರ ನಿಯಮ ಸರಳವಾಗಿತ್ತು. ನೀರು ಟೆರೇಸಿನಿಂದ ಇಳಿದರೆ ರಿಪೇರಿ ಸೊಸೈಟಿಯದು. ಮನೆಯೊಳಗಿನ ಮೋರಿಯಿಂದ ಬಂದರೆ ಮನೆಯವರದು. ನಮ್ಮ ಸೆಕ್ರೆಟರಿ ಫೋರ್ಟ್ ಭಾಗದ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನನ್ನ ತವರಿನ ಕಡೆಯ ಮಾತಿನವರು, ವಾಸ ನೆಲಮಹಡಿಯಲ್ಲಿ. ನೆಲಮಹಡಿಯಲ್ಲಿ ಕೂತವರಿಗೆ ಮಳೆ ಅಂದರೆ ಕಿಟಕಿಯಾಚೆ ಬೀಳುವ ವಸ್ತು. ಒಮ್ಮೆ ಕಡುಬೇಸಿಗೆಯಲ್ಲಿ, ಮಂಡಿ ಹಿಡಿದುಕೊಂಡು ನಮ್ಮ ಮನೆಗೆ ಹತ್ತಿ ಬಂದು, ಚಾವಣಿಯ ಒಣಗಿದ ಕಲೆಯನ್ನು ನೋಡಿ, "ಇದು ನಿಮ್ಮ ಮೋರಿಯ ನೀರು ಮಾರಾಯ್ತಿ. ಗೋಡೆಯೊಳಗೆ ಏರಿ ಬಂದದ್ದು" ಎಂದು ತೀರ್ಪು ಕೊಟ್ಟಿದ್ದರು. ಮೋರಿ ಇದ್ದದ್ದು ಮನೆಯ ಇನ್ನೊಂದು ತುದಿಯಲ್ಲಿ. ಹೋಗುವಾಗ ಸಕ್ಕರೆ ಕಾಯಿಲೆಯ ನೆಪದಲ್ಲಿ ಒಂದು ಕಟ್ಟು ರೊಟ್ಟಿ ಕೊಂಡು ಹೋದರು. ಅಂದಿನಿಂದ ಅವರೂ ಕಾಯಂ ಗಿರಾಕಿ.

ಈ ವರ್ಷ ನಮ್ಮ ಜಗಳ ಜೋರಾದಾಗ ಅವರಿಗೊಂದು ಹೊಸ ಉಪಾಯ ಹೊಳೆಯಿತು. ಪಕ್ಕದ ಕಾಲೊನಿಯಲ್ಲಿ ಡ್ರೋನ್ ಹಾರಿಸಿ ಟೆರೇಸುಗಳ ಫೋಟೋ ತೆಗೆಸಿದ್ದರಂತೆ. ಬಿರುಕು ಎಲ್ಲಿ, ಗಿಡ ಎಲ್ಲಿ, ಕಿಟಕಿ ಮೇಲಿನ ಚಜ್ಜಾ ಎಲ್ಲಿ ಉದುರಿದೆ, ಎಲ್ಲವೂ ಮೇಲಿಂದ ಕಾಣುತ್ತದಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಇನ್ನಷ್ಟು ಮೆಟ್ಟಿಲು ಹತ್ತಿದ್ದರೆ ಟೆರೇಸಿನ ಬಿರುಕಿನಲ್ಲಿ ಅವರೇ ಬೆರಳಿಡಬಹುದಿತ್ತು. ಒಂದು ಅರಳಿ ಸಸಿ ಬೇರೆ ಅಂಚಿನ ಮೋಟುಗೋಡೆಯನ್ನು ಸೀಳಿಕೊಂಡು ಬೆಳೆದು ನಿಂತಿತ್ತು. ಆದರೂ ನಾನು ಒಪ್ಪಿದೆ. ಮನುಷ್ಯರ ಕಣ್ಣು ನಂಬದವರು ಯಂತ್ರದ ಕಣ್ಣನ್ನಾದರೂ ನಂಬಲಿ ಎಂದುಕೊಂಡೆ. ಪೊಲೀಸರ ಪರವಾನಗಿ ಇತ್ಯಾದಿ ಮುಗಿದು, ಮೇ ತಿಂಗಳ ಒಂದು ಬೆಳಿಗ್ಗೆ ಡ್ರೋನ್ ಬರುತ್ತದೆಂದು ಕೆಳಗಿನ ಬೋರ್ಡಿಗೆ ಚೀಟಿ ಅಂಟಿಸಿದರು.

ಅದನ್ನು ಓದಿ ಅತ್ತೆಗೆ ಹೇಳಿದೆ. "ನಮ್ಮ ಮಾಳಗಿ ಫೋಟೋ ತಗೀತಾರೇನು? ಎಲ್ಲಾರೂ ನೋಡತಾರೇನು?" ಎಂದು ಕೇಳಿದರು. ಎಲ್ಲರೂ ನೋಡುತ್ತಾರೆ, ಸೊಸೈಟಿ ಆಫೀಸಿನ ಟಿವಿಯಲ್ಲೇ ತೋರಿಸುತ್ತಾರೆ ಎಂದೆ. ನಾನು ಖುಷಿಯಲ್ಲಿದ್ದೆ. ಅವರ ಮುಖ ನೋಡುವುದು ನನಗೆ ಹೊಳೆಯಲಿಲ್ಲ.

ಟೆರೇಸಿನ ಕೀಲಿ ಮೊದಲಿನಿಂದಲೂ ನಮ್ಮ ಮನೆಯ ಮೊಳೆಗೆ ನೇತು ಹಾಕಿರುತ್ತದೆ, ಕೊನೆಯ ಮಹಡಿಯವರೆಂಬ ಕಾರಣಕ್ಕೆ. ಡ್ರೋನ್ ಬರುವ ಮುನ್ನಾದಿನ ನಾನು ಆಫೀಸು ಮುಗಿಸಿ ಬಂದಾಗ ಅತ್ತೆಯ ಕೈ ಮೊಣಕೈತನಕ ಬೆಳ್ಳಗಿತ್ತು. ಮೊದಲು ಹಿಟ್ಟು ಎಂದುಕೊಂಡೆ. ಹಿಟ್ಟಲ್ಲ, ಸುಣ್ಣ. ಮೆಟ್ಟಿಲ ತಿರುವಿನಲ್ಲಿ ಹಳೆಯ ಎಣ್ಣೆ ಡಬ್ಬದಲ್ಲಿ ಅರಳಿ ಸಸಿ ನಿಂತಿತ್ತು, ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು.

ಮೇಲೆ ಓಡಿದೆ. ಅತ್ತೆ ಹರೆಯದಲ್ಲಿ ಮಾವನ ಜೊತೆ ಗೌಂಡಿ ಕೆಲಸಕ್ಕೆ ಹೋಗಿ ಈ ಊರಿನ ಎಷ್ಟೋ ಗೋಡೆಗಳಿಗೆ ಗಿಲಾವು ಹಾಕಿದವರು. ಕೈ ಮರೆತಿರಲಿಲ್ಲ. ಬಿರುಕುಗಳೆಲ್ಲ ಸಿಮೆಂಟು ಕುಡಿದು ಮುಚ್ಚಿಕೊಂಡಿದ್ದವು. ಅದರ ಮೇಲೆ ಟೆರೇಸಿನ ತುಂಬ ಸುಣ್ಣ. ಪಾಚಿ ಇಲ್ಲ, ಕಸ ಇಲ್ಲ, ಒಡೆದ ಟೈಲು ಇಲ್ಲ. ನಡುವೆ ದೊಡ್ಡದೊಂದು ಚುಕ್ಕಿ ರಂಗೋಲಿ, ಸುಣ್ಣದ ಮೇಲೆ ಕಾಣಲೆಂದು ಕೆಮ್ಮಣ್ಣಿನಲ್ಲಿ ಬರೆದದ್ದು.

"ಅತ್ತೀ, ಏನ್ ಮಾಡಿದ್ರಿ ಇದು? ಬಿರುಕು ಕಾಣಲಿ ಅಂತಲೇ ಡ್ರೋನ್ ಬರೋದು!"

"ಮನಿಗೆ ಮಂದಿ ಬರತಾರಂದ್ರ ಹೊಲಸ ತೋರಸಬೇಕೇನು?" ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಊರ ಮಂದಿ ಟಿವಿಯಾಗ ನೋಡತಾರ. ಈ ಮುದುಕಿ ತಲಿ ಮ್ಯಾಲಿನ ಕಸಾನೂ ಹೊಡದಿಲ್ಲ ಅಂತ ಆಡಕೊಳ್ಳಲೇನು?"

"ರಂಗೋಲಿ ಯಾಕೆ?"

"ಅದು ಮ್ಯಾಲಿಂದ ಬರತದಲ್ಲವ್ವಾ. ಹೊಸ್ತಿಲದಾಗ ಹಾಕಿದ್ರ ಅದಕ್ಕೇನ ಕಾಣತದ?"

ಮುಚ್ಚಿದ ಬಿರುಕೊಂದನ್ನು ಉಗುರಿನಿಂದ ಕೆರೆದು ನೋಡಿದೆ. ಸಿಮೆಂಟು ಆಗಲೇ ಗಟ್ಟಿಯಾಗಿತ್ತು. ಗಂಡನಿಗೆ ಹೇಳಿದರೆ ಅವನು ತಲೆಯ ಮೇಲೆ ಕೈ ಹೊತ್ತು, ನಗಬೇಕೋ ಅಳಬೇಕೋ ಗೊತ್ತಾಗದೆ ಊಟಕ್ಕೆ ಕೂತ.

ಡ್ರೋನ್ ಹಾರಿಸಲು ಬಂದವಳು ಒಬ್ಬ ಹುಡುಗಿ. ಕಲಬುರಗಿ ಕಡೆಯ ಮುಸ್ಲಿಮರ ಮನೆಯವಳಂತೆ, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅತ್ತೆ ಅವಳಿಗೆ ಚಹಾ ಕೊಟ್ಟು, ರೊಟ್ಟಿ ಶೇಂಗಾ ಚಟ್ನಿ ಕೊಟ್ಟು, "ಇಷ್ಟ ಸಣ್ಣ ಹುಡುಗಿ ಇಷ್ಟ ದೊಡ್ಡ ಕೆಲಸ ಮಾಡತೀ!" ಎಂದು ಕೆನ್ನೆ ಸವರಿದರು. ಡ್ರೋನ್ ಜೇನುಹುಳದ ಹಾಗೆ ಗುಂಯ್‌ಗುಟ್ಟುತ್ತ ಮೇಲೆದ್ದಿತು. ಹದ್ದೊಂದು ಅದನ್ನು ಅಟ್ಟಿಸಿಕೊಂಡು ಬಂದು, ತಿನ್ನುವ ವಸ್ತುವಲ್ಲವೆಂದು ತಿಳಿದು ಹಿಂದಿರುಗಿತು. ಅತ್ತೆ ಸೆರಗು ಸರಿಮಾಡಿಕೊಂಡು ಮೇಲೆ ನೋಡುತ್ತ ನಿಂತರು. ಫೋಟೋ ಮುಗಿಯುವತನಕ ಅಲುಗಾಡಲಿಲ್ಲ.

ನಾನು ಹುಡುಗಿಯನ್ನು ಪಕ್ಕಕ್ಕೆ ಕರೆದು, ಇದೆಲ್ಲ ನಿನ್ನೆ ಬಳಿದದ್ದು, ಸುಣ್ಣದ ಕೆಳಗೆಲ್ಲ ಬಿರುಕಿದೆ ಎಂದೆ. ಅವಳು ಸ್ಕ್ರೀನಿನಿಂದ ಕಣ್ಣು ತೆಗೆಯದೆ, "ದೀದಿ, ನಾನು ದಿಖ್‌ತಾ ಇದ್ದದ್ದು, ಕಂಡದ್ದಷ್ಟೇ ಕೊಡೋದ್ರಿ. ರಿಪೋರ್ಟ್ ಎಂಜಿನಿಯರ್ ಬರೀತಾರ" ಎಂದಳು. ಆಮೇಲೆ ಅತ್ತೆಯತ್ತ ನೋಡಿ ದನಿ ತಗ್ಗಿಸಿ, "ನಮ್ಮ ಅಮ್ಮೀನೂ ಸೇಮ್ ಹೀಂಗೇ ಮಾಡತಾಳ್ರಿ" ಎಂದಳು.

ವಾರ ಕಳೆದು ಆಫೀಸಿನಲ್ಲಿ ಸಭೆ ಸೇರಿತು. ಟಿವಿಯಲ್ಲಿ ಒಂದೊಂದೇ ಕಟ್ಟಡದ ನೆತ್ತಿ ಬಂದುಹೋಯಿತು. ಎಲ್ಲವೂ ಕಪ್ಪು, ಪಾಚಿ ಹಿಡಿದದ್ದು, ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊದ್ದದ್ದು. ನಮ್ಮದು ಬಂದಾಗ ಮಂದಿ "ಅರೆ ವಾ!" ಎಂದರು. ಆ ಕಪ್ಪು ಚಾವಣಿಗಳ ನಡುವೆ ಅದೊಂದು ಒಗೆದ ಧೋತರದ ಹಾಗಿತ್ತು. ನಡುವೆ ರಂಗೋಲಿ. ಮೂಲೆಯಲ್ಲಿ ಮೇಲೆ ನೋಡುತ್ತಿರುವ ಅತ್ತೆ, ಬೆರಳುಗಾತ್ರ. ಯಾರೋ ಚಪ್ಪಾಳೆ ತಟ್ಟಿದರು. ಅತ್ತೆಯ ಮುಖ ಅರಳಿತು. ಆ ಮುಖವನ್ನು ನೋಡಿ ನನಗೂ ಒಂದು ಗಳಿಗೆ ಸಂತೋಷವಾಯಿತು, ಅದನ್ನು ಬಚ್ಚಿಡುವುದಿಲ್ಲ.

"ನೋಡಿ, ಫಸ್ಟ್ ಕ್ಲಾಸ್ ಉಂಟು" ಎಂದರು ಸೆಕ್ರೆಟರಿ. "ಒಂದು ಬಿರುಕಿಲ್ಲ ಅಂತ ಎಂಜಿನಿಯರೇ ಬರೆದಿದ್ದಾರೆ. ನಾನು ಮೊದಲೇ ಹೇಳಿದ್ದೆ, ನೀರು ನಿಮ್ಮ ಮೋರಿಯದ್ದು. ಟೆರೇಸ್ ರಿಪೇರಿ ಲಿಸ್ಟಿನಲ್ಲಿ ನಿಮ್ಮ ಬಿಲ್ಡಿಂಗ್ ಇಲ್ಲ."

ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನನ್ನು ಬಿಟ್ಟು ಅತ್ತೆಯತ್ತ ತಿರುಗಿ, "ಹೌದಾ ಅಮ್ಮ? ಬಿರುಕು ಇತ್ತಾ? ಮನೆ ಸೋರುತ್ತದಾ? ನೀವೇ ಹೇಳಿ" ಎಂದು ಕೇಳಿದರು.

ಇಡೀ ಸಭೆ ಅತ್ತೆಯನ್ನು ನೋಡುತ್ತಿತ್ತು. ಟಿವಿಯಲ್ಲಿ ಟೆರೇಸು ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಅತ್ತೆ ಸೆರಗಿನ ತುದಿ ಹಿಂಡಿದರು.

"ಒಂದ ಸಣ್ಣ ಗೆರಿ ಇತ್ತರೀ. ಒರಸೀನಿ, ಬಿಡ್ರಿ. ನಮ್ಮ ಮನಿಯಾಗ ಏನ ತ್ರಾಸ ಇಲ್ಲ."

ನನಗೆ ಸಿಟ್ಟು ನೆತ್ತಿಗೇರಿತ್ತು. ನಾಲ್ಕು ಮಹಡಿ ಹತ್ತುವಾಗ ಇಬ್ಬರ ಏದುಸಿರು ಮಾತ್ರ ಕೇಳಿಸುತ್ತಿತ್ತು. ಮನೆಗೆ ಬಂದ ಮೇಲೆ ಅವರು ಗೋಡೆಗೆ ಹೇಳಿದಂತೆ, "ಅಷ್ಟ ಮಂದಿ ಮುಂದ ಹ್ಯಾಂಗ ಹೇಳಲಿ?" ಎಂದರು.

ಮೊದಲ ಮಳೆಗಳಿಗೆ ಸಿಮೆಂಟು ತಡೆಯಿತು. ಅತ್ತೆ ನನ್ನನ್ನು ವಾರೆಗಣ್ಣಿನಿಂದ ನೋಡುತ್ತ ರೊಟ್ಟಿ ಬಡಿದರು, ಗೆದ್ದವರಂತೆ. ಆಮೇಲೆ ಮುಂಬಯಿಯ ನಿಜವಾದ ಮಳೆ ಹಿಡಿಯಿತು, ಲೋಕಲ್ ರೈಲುಗಳು ನಿಂತವು, ನಮ್ಮ ಆಫೀಸಿಗೆ ರಜೆ ಕೊಟ್ಟರು. ಬಿರುಕುಗಳು ಬಾಯಿ ತೆರೆದವು. ಹೊರಗಿನ ಕೋಣೆಯಲ್ಲಿ ಒಂದೊಂದಾಗಿ ಬಕೆಟು, ತಪ್ಪಲೆ, ಹಿಟ್ಟು ನಾದುವ ಪರಾತ ಹರಡಿಕೊಂಡವು. ಬುಟ್ಟಿಗಳನ್ನು ಎಲ್ಲಿಗೆ ಸರಿಸಿದರೂ ತೇವ ಅಲ್ಲಿಗೇ ಬರುತ್ತಿತ್ತು. ಅತ್ತೆ ಗಿರಾಕಿಗಳಿಗೆ ಮತ್ತೆ ಮೈಗೆ ಹುಷಾರಿಲ್ಲವೆಂದು ಹೇಳಿ ಕಳಿಸತೊಡಗಿದರು.

ಅಂಥ ಒಂದು ಸಂಜೆ ಬಾಗಿಲು ಬಡಿದ ಸದ್ದು. ಸೆಕ್ರೆಟರಿಯ ದನಿ. ಸೋರುವುದನ್ನು ನೋಡಿ ಎಂದು ವರ್ಷಗಟ್ಟಲೆ ಕರೆದರೂ ಮಳೆಯಲ್ಲಿ ಹತ್ತದ ಮೆಟ್ಟಿಲನ್ನು ರೊಟ್ಟಿಗಾಗಿ ಹತ್ತಿದ್ದರು. ನಾನು ಎದ್ದೆ. ಅತ್ತೆ ಕೈಸನ್ನೆಯಲ್ಲೇ ನನ್ನನ್ನು ತಡೆದು, ಬಕೆಟುಗಳನ್ನೆಲ್ಲ ಮೋರಿಗೆ ಸಾಗಿಸಿ, ನೆಲ ಒರೆಸಿ, ಮಂಚದ ಮೇಲೆ ಒಗೆದ ಚಾದರ ಹಾಸಿ, ಆಮೇಲೆ ಬಾಗಿಲು ತೆಗೆದರು. ಅವರನ್ನು ಕೂರಿಸಿ ಚಹಾ ಕೊಟ್ಟರು.

"ಮೊನ್ನೆ ಕೊಟ್ಟ ರೊಟ್ಟಿ ಮೆತ್ತಗೆ ಉಂಟಲ್ಲ ಅಮ್ಮ" ಎನ್ನುತ್ತ ಸೆಕ್ರೆಟರಿ ಚಹಾವನ್ನು ಬಸಿಗೆ ಸುರಿದುಕೊಂಡರು. ಬಸಿ ತುಟಿಗೆ ತಲುಪುವ ಮುಂಚೆ ಅದರಲ್ಲೊಂದು ಹನಿ ಬಿತ್ತು. ಅವರು ಚಾವಣಿಯತ್ತ ಕತ್ತೆತ್ತಿದರು. ಇನ್ನೊಂದು ಹನಿ ಕನ್ನಡಕದ ಮೇಲೆ ಬಿತ್ತು.

"ತಡೀರಿ, ಬ್ಯಾರೆ ಚಾ ತರತೀನಿ" ಎಂದು ಅತ್ತೆ ಬಸಿಗೆ ಕೈ ಚಾಚಿದರು. ಸೆಕ್ರೆಟರಿ ಬಸಿ ಬಿಡಲಿಲ್ಲ.

"ಅಮ್ಮ, ಆ ದಿವಸ ಯಾಕೆ ಹೇಳಲಿಲ್ಲ?"

ಒರೆಸಿದ ನೆಲದ ಮೇಲೆ ಹನಿಗಳು ಮೂಡತೊಡಗಿದ್ದವು. ಅತ್ತೆ ಮೋರಿಗೆ ಹೋಗಿ ಒಂದು ಬಕೆಟು ತಂದು ಮಂಚದ ಪಕ್ಕ ಇಟ್ಟರು. ಮತ್ತೆ ಹೋಗಿ ತಪ್ಪಲೆ ತಂದರು. ಪರಾತ ತಂದರು. ಹಿಟ್ಟಿನ ಡಬ್ಬಿಯ ಮುಚ್ಚಳವನ್ನೂ ಬಿಡಲಿಲ್ಲ. ಮೇಲೆ ನೋಡದೆ ಒಂದೊಂದನ್ನೂ ಅದರದರ ಜಾಗಕ್ಕೆ ಇಟ್ಟರು, ಹನಿ ಬಂದು ಸರಿಯಾಗಿ ಅದರೊಳಗೇ ಬಿದ್ದಿತು. ಸೆಕ್ರೆಟರಿಗೆ ಕಾಲಿಡಲು ಜಾಗ ಉಳಿಯಲಿಲ್ಲ, ಕಾಲು ಮೇಲೆತ್ತಿ ಮಂಚದ ಮೇಲೆ ಮಡಚಿ ಕೂತರು. ಕೊನೆಗೆ ಅತ್ತೆ ಬುಟ್ಟಿಯ ಬಟ್ಟೆ ಸರಿಸಿ ಒಂದು ರೊಟ್ಟಿ ತೆಗೆದು ಅವರ ಮುಂದೆ ಹಿಡಿದು ಮುರಿದರು. ಅದು ಮುರಿಯಲಿಲ್ಲ, ಒದ್ದೆ ಬಟ್ಟೆಯಂತೆ ಬಾಗಿತು. ಅಂಚಿನಲ್ಲಿ ಹಸಿರು ಬೂಸು.

ಆ ರೊಟ್ಟಿಯನ್ನು ಹಾಗೆಯೇ ಹಿಡಿದುಕೊಂಡು ಅವರು ನನ್ನತ್ತ ತಿರುಗಿದರು.

"ಯವ್ವಾ, ಈಗ ಫೋಟೋ ತಗಿ."